ದವಾಖಾನೆ ಮುಟ್ಟುವ ಮುಂಚೆ

ಬೈಲಹೊಂಗಲ, 18 ಜೂನ್ 2024, ಮಂಗಳವಾರ

ಮೃಗಶಿರಾ ಮಳೆ. ಸೋಯಾಬೀನ್, ಹೆಸರಿನ ಬಿತ್ತಿಗೆ ಜೋರು ನಡೆದಿದೆ. ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಮುಂದೆ ಸಾಲು, ನನ್ನ ದವಾಖಾನೆ ಮುಂದೆ ಯಾರೂ ಇಲ್ಲ. ಬಿತ್ತುವ ದಿನಗಳಲ್ಲಿ ನಮ್ಮ ಮಂದಿಗೆ ಜಡ್ಡಾಗಲಿಕ್ಕೂ ಪುರಸೊತ್ತಿರುವುದಿಲ್ಲ.

ಹನ್ನೊಂದರ ಸುಮಾರಿಗೆ ಟಂಟಂನಲ್ಲಿ ಒಬ್ಬ ಹೆಣ್ಣುಮಗಳನ್ನು ತಂದರು. ಬದುವಿನ ಕಸ ತೆಗೆಯುವಾಗ ಪಾದಕ್ಕೆ ಹಾವು ಕಚ್ಚಿದ್ದು ಬೆಳಿಗ್ಗೆ ಏಳೂವರೆಗೆ. ನಡುವಿನ ಹೊತ್ತು ಮಂತ್ರ ಹಾಕುವವರ ಕಟ್ಟೆಯ ಮೇಲೆ ಹೋಗಿದೆ. ಬೇವಿನ ಎಲೆ ತಿನ್ನಿಸಿದರಂತೆ. ಕಹಿ ಹತ್ತಿದರೆ ವಿಷ ಏರಿಲ್ಲ ಎಂಬ ಲೆಕ್ಕ. "ಕಹಿ ಹತ್ತೇತ್ರಿ ಬಾಯಾರ, ಏನೂ ಆಗಿಲ್ಲ ಅಂದ್ರು," ಅಂತ ಗಂಡ. ಅವಳ ವಸಡಿನಿಂದ ಸಣ್ಣಗೆ ರಕ್ತ ಜಿನುಗುತ್ತಿತ್ತು. ಮೊಣಕಾಲ ಕೆಳಗೆ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದರು. ಅದನ್ನು ನಾನು ಬಿಚ್ಚಲಿಲ್ಲ. ಅಲ್ಲಿ ತಡೆದು ನಿಂತ ವಿಷ ಒಮ್ಮೆಲೇ ನುಗ್ಗಬಹುದು. ಪ್ರತಿವಿಷ ಕೈಯಲ್ಲಿರುವ ಕಡೆಯೇ ಬಿಚ್ಚಬೇಕು. ಅದೇ ಟಂಟಂ ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋದೆ.

ಅಲ್ಲಿ ಮಾಡಿದ ಪರೀಕ್ಷೆ ಬಹಳ ಹಳೆಯದು, ಖರ್ಚಿಲ್ಲದ್ದು. ಒಣಗಿದ, ಸ್ವಚ್ಛ ಗಾಜಿನ ನಳಿಕೆಯಲ್ಲಿ ಎರಡು ಎಂ.ಎಲ್. ರಕ್ತ ಹಿಡಿದು 20 ನಿಮಿಷ ಅಲುಗಾಡಿಸದೆ ನಿಲ್ಲಿಸುವುದು. ಪ್ಲಾಸ್ಟಿಕ್ ನಡೆಯುವುದಿಲ್ಲ, ಗಾಜೇ ಬೇಕು. ಆಮೇಲೆ ಓರೆ ಮಾಡುವುದು. ಹೆಪ್ಪುಗಟ್ಟಬೇಕಿದ್ದ ರಕ್ತ ನಳಿಕೆಯ ಬಾಯಿಗೆ ನೀರಿನಂತೆ ಹರಿದು ಬಂತು. ಮಂಡಲದ ಜಾತಿಯೇ. ಹಾವು ಹೊಡೆದು ತಂದಿದ್ದರೆ ಗೊತ್ತಾಗುತ್ತಿತ್ತೇನೋ ಎಂದು ಗಂಡ ಕೇಳಿದ. ಅಗತ್ಯವೇ ಇಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹತ್ತು ವಯಲ್ ಸಲೈನ್‌ನಲ್ಲಿ ಬೆರೆಸಿ ಏರಿಸಿದರು, ಪಕ್ಕದಲ್ಲಿ ಅಡ್ರಿನಲಿನ್ ತುಂಬಿಟ್ಟುಕೊಂಡು. ಆರು ತಾಸಿನ ಮೇಲೆ ಮತ್ತೆ ಅದೇ ನಳಿಕೆ ಪರೀಕ್ಷೆ.

ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಸಾರಿತು. ಒಳ್ಳೆಯದಾಯಿತು. ಆದರೆ ಕಟ್ಟೆಯ ಮೇಲೆ ಕಳೆದ ಹೊತ್ತು ಯಾವ ವರದಿಯ ಕಾಲಮಿನಲ್ಲೂ ಬರುವುದಿಲ್ಲ.

ಟಂಟಂ ಡ್ರೈವರ್ ಹೊರಗೆ ಬೀಡಿ ಸೇದುತ್ತಾ ನಿಂತಿದ್ದ. "ನಾ ಮೊದಲ ಅಂದಿದ್ನಿರಿ, ಸೀದಾ ದೊಡ್ಡ ದವಾಖಾನಿಗೆ ಹೋಗೂಣು ಅಂತ. ಡ್ರೈವರನ ಮಾತು ಯಾರು ಕೇಳ್ತಾರ್ರಿ?"

26 ಜೂನ್, ಬುಧವಾರ

ಆ ಹೆಣ್ಣುಮಗಳಿಗೆ ಮೂತ್ರ ಕಡಿಮೆಯಾಯಿತೆಂದು ಬೆಳಗಾವಿಗೆ ಕಳಿಸಿದ್ದರು. ಕೊಳಕುಮಂಡಲದ ವಿಷ ಕಿಡ್ನಿಯನ್ನು ಹಿಡಿಯುತ್ತದೆ. ಡಯಾಲಿಸಿಸ್ ಆಗಿ ಈಗ ಮೂತ್ರ ಸರಿಯಾಗಿ ಹೋಗುತ್ತಿದೆಯಂತೆ. ಹಾವಿಗೆ ಮಂತ್ರ, ರಕ್ತಕ್ಕೆ ಫಿಜಿಷಿಯನ್, ಕಿಡ್ನಿಗೆ ನೆಫ್ರಾಲಜಿಸ್ಟ್. ಮೊದಲನೆಯದನ್ನು ಬಿಟ್ಟಿದ್ದರೆ ಮೂರನೆಯದು ಬಹುಶಃ ಬೇಕಾಗುತ್ತಿರಲಿಲ್ಲ.

5 ಸೆಪ್ಟೆಂಬರ್, ಗುರುವಾರ

ಮೊನ್ನೆ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕವೆಂದು ಘೋಷಿಸಿದೆ. ನಮ್ಮ ಬಾಕಿನ ಮೇಲೆ ಕೂತವರು ಜುಲೈಯಲ್ಲೇ ಘೋಷಿಸಿದ್ದರು.

ಇವತ್ತು ಕಾಲೇಜು ಹುಡುಗ, ಮೂರು ದಿನದ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು, ಮೈಯೆಲ್ಲ ಬಡಿದು ಹಾಕಿದಂತೆ. ಅಪ್ಪನದು ಒಂದೇ ಬೇಡಿಕೆ: "ಒಂದ ಸೂಜಿ ಹಾಕಿ, ಒಂದ ಸಲೈನ್ ಹಚ್ಚಿಬಿಡ್ರಿ, ನಾಳೆ ಪರೀಕ್ಷಾ ಐತಿ." ಅವನು ಕೇಳುವ ಆ ನೋವಿನ ಸೂಜಿಯೇ ಈ ಜ್ವರದಲ್ಲಿ ಹಾನಿ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್ ಮತ್ತು ನೀರು, ಇಷ್ಟೇ ಚಿಕಿತ್ಸೆ ಎಂದಾಗ ಅವನ ಮುಖ ನೋಡಬೇಕಿತ್ತು. ಸೂಜಿ ಹಾಕದವಳು ಎಂಥ ಡಾಕ್ಟರಬಾಯಿ!

ನಾನು ಹೆಚ್ಚು ಹೊತ್ತು ತೆಗೆದುಕೊಂಡು ಹೇಳಿದ್ದು ಬೇರೆ ಮಾತು. ಜ್ವರ ಏರಿದಾಗ ಎಲ್ಲರೂ ಓಡಿ ಬರುತ್ತಾರೆ. ಜ್ವರ ಇಳಿದ ದಿನ ಆರಾಮಾಯಿತೆಂದು ಮನೆಗೆ ಹೋಗುತ್ತಾರೆ. ಡೆಂಗೆಯಲ್ಲಿ ನಿಜವಾದ ಅಪಾಯ ಶುರುವಾಗುವುದು ಆಗಲೇ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ಮಂಪರು, ವಸಡಿನ ರಕ್ತ, ಕಡಿಮೆಯಾದ ಮೂತ್ರ: ಇದರಲ್ಲಿ ಒಂದು ಕಂಡರೂ ಅದೇ ಗಳಿಗೆಗೆ ಬರಬೇಕು. ಪ್ಲೇಟ್‌ಲೆಟ್ ಎಷ್ಟು ಬಂತು ಎಂದು ದಿನಕ್ಕೆರಡು ಸಲ ಲ್ಯಾಬಿಗೆ ಓಡುವವರು, ಪಪ್ಪಾಯಿ ಎಲೆಯ ರಸ ಹುಡುಕುವವರು, ಹುಡುಗ ಎಷ್ಟು ಸಲ ಮೂತ್ರಕ್ಕೆ ಹೋದ ಎಂದು ಎಣಿಸುವುದಿಲ್ಲ.

ಈ ಸೊಳ್ಳೆ ಕಚ್ಚುವುದು ಹಗಲು, ಮೊಟ್ಟೆಯಿಡುವುದು ಸ್ವಚ್ಛ ನೀರಿನಲ್ಲಿ. ನಳ ದಿನಾ ಬರದ ಊರಲ್ಲಿ ಬ್ಯಾರಲ್, ಹಂಡೆ, ತೊಟ್ಟಿ ತುಂಬಿಡದೆ ಬದುಕುವುದು ಹೇಗೆ? ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ಒಣಗಿಸಿರಿ, ಬಾಯಿಗೆ ಅರಿವೆ ಕಟ್ಟಿರಿ ಅನ್ನುತ್ತೇನೆ. ತಲೆಯಾಡಿಸುತ್ತಾರೆ.

ಕಿತ್ತೂರು, 23 ಅಕ್ಟೋಬರ್ 2024, ಬುಧವಾರ

ಉತ್ಸವ. ಚೆನ್ನಮ್ಮನ ಗೆಲುವಿಗೆ ಇನ್ನೂರು ವರ್ಷ. 1824ರ ಇದೇ ದಿನ ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲೇ ಸತ್ತದ್ದು. ಊರು ತುಂಬ ಡೊಳ್ಳು, ಮೆರವಣಿಗೆ, ಟ್ರ್ಯಾಕ್ಟರುಗಳು. ತವರಿನವರ ಜೊತೆ ನೋಡಲು ಬಂದವಳು ಒಂದು ಚಹಾ ಅಂಗಡಿಯಲ್ಲಿ ಕೂತೆ.

ಎದುರು ಬಾಕಿನ ಮೇಲೆ ಐವತ್ತರ ಗಂಡಸು, ಅಂಗಿ ಪೂರ್ತಿ ತೊಯ್ದಿತ್ತು, ಸೋಡಾ ಕುಡಿಯುತ್ತಿದ್ದರು. ಬಿಸಿಲಿಗಿಂತ ಹೆಚ್ಚಿನ ಬೆವರು ಅದು. ಏನಾಗ್ತದ್ರಿ ಎಂದೆ. "ಗ್ಯಾಸ್ ಆಗೇತ್ರಿ. ಮುಂಜಾನೆ ಮೆಡಿಕಲ್‌ದಾಂವ ಗುಳಿಗಿ ಕೊಟ್ಟಾನ." ನೋವು ಎಲ್ಲಿ ಎಂದರೆ ಬೆರಳಿಟ್ಟು ತೋರಿಸಲಿಲ್ಲ, ಎದೆಯ ಮೇಲೆ ಮುಷ್ಟಿ ಇಟ್ಟರು. ದವಡೆಗೂ ಹತ್ತುತ್ತಿದೆಯೆಂದರು. ಆ ಮುಷ್ಟಿಯೇ ಸಾಕಾಯಿತು ನನಗೆ. ಆ್ಯಸ್ಪಿರಿನ್ ತರಿಸಿ ಅಗಿದು ನುಂಗಿಸಿದೆ. 108ಕ್ಕೆ ಫೋನು. ಗದ್ದಲದ ನಡುವೆ ದಾರಿ ಬಿಡಿಸಲು ಅಂಗಡಿಯ ಹುಡುಗ ಮುಂದೆ ಓಡಿದ. ಇಸಿಜಿಯಲ್ಲಿ ಹೃದಯಾಘಾತವೇ. ಕಿತ್ತೂರಿನ ಪುಣ್ಯ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಧಾರವಾಡ ಸುಮಾರು ಮೂವತ್ತು ಕಿಲೋಮೀಟರ್. ಸಂಜೆ ಅವರ ಮಗ ಫೋನು ಮಾಡಿದ: ರಕ್ತನಾಳ ತೆರೆದಿದ್ದಾರೆ, ಮಾತಾಡುತ್ತಿದ್ದಾರೆ.

ಇದೇ ಮನುಷ್ಯ ರಾಮದುರ್ಗದ ಆಚೆಯ ಹಳ್ಳಿಯಲ್ಲಿದ್ದಿದ್ದರೆ? ಅಲ್ಲಿಂದ ಬೆಳಗಾವಿ ನೂರು ಕಿಲೋಮೀಟರಿನಷ್ಟು. ಅಂಥವರಿಗಾಗಿಯೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳಿಸುವುದು, ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಬಿಟ್ಟಿ ಕೊಡುವುದು. ಅಪ್ಪು ಹೋದ ಮೇಲೆ ಎದೆನೋವಿಗೆ ಹೆದರುವುದನ್ನು ನಮ್ಮ ಹುಡುಗರು ಕಲಿತರು. ಅವರ ಅಪ್ಪಂದಿರು ಇನ್ನೂ ಸೋಡಾ ಕುಡಿಯುತ್ತಿದ್ದಾರೆ.

ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಸುಸ್ತು, ದಮ್ಮು, ವಾಕರಿಕೆಯಿಂದಲೂ ಬರುತ್ತದೆ. ಅದನ್ನು ಗುರುತಿಸುವುದು ಇನ್ನೂ ಕಷ್ಟ.

ರಾಮದುರ್ಗ, 24 ನವೆಂಬರ್, ಭಾನುವಾರ

ಸೋದರತ್ತೆಯ ಮನೆ. ಓಣಿಯಲ್ಲಿ ಈಗಲೂ ಮಗ್ಗದ ಸಪ್ಪಳ, ಮೊದಲಿನಷ್ಟಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಎಷ್ಟೋ ಮಗ್ಗಗಳು ನೀರಲ್ಲಿ ನಿಂತವು, ಕೆಲವರು ಆಮೇಲೆ ಹೂಡಲೇ ಇಲ್ಲ.

ಡಾಕ್ಟರಬಾಯಿ ಬಂದಾಳಂತ ತಿಳಿದು ನೆರೆಮನೆಯ ನೇಕಾರರು ಬಂದರು. ಕೆಮ್ಮು, ದೀಪಾವಳಿಗಿಂತ ಮುಂಚಿನಿಂದ. ಚೀಲದ ತುಂಬ ಕೆಮ್ಮಿನ ಔಷಧದ ಬಾಟಲಿಗಳು, ಎಲ್ಲವೂ ಅರ್ಧರ್ಧ. ನೂಲಿನ ಧೂಳಿನದು ಅಂದುಕೊಂಡಿದ್ದರು. ಸಂಜೆ ಸಣ್ಣ ಜ್ವರ ಬರುತ್ತದೆಯೇ? ಹೌದು. ರಾತ್ರಿ ಬೆವರು? ಹೌದು. ಅಂಗಿ ಸಡಿಲಾಗಿದೆಯೇ? ಹೆಂಡತಿ ನಕ್ಕಳು, ಧೋತರವೇ ನಿಲ್ಲುವುದಿಲ್ಲ ಎಂದಳು. ನಾನು ಕ್ಷಯ ಎಂಬ ಮಾತು ಬಾಯಿಂದ ತೆಗೆಯುವ ಮೊದಲೇ ಅವರು ಬಾಗಿಲ ಕಡೆ ನೋಡಿದರು. ಮಗಳ ಮದುವೆ ಮಾತು ನಡೆದಿದೆ.

ಎರಡು ವಾರ ದಾಟಿದ ಕೆಮ್ಮಿಗೆ ಔಷಧಕ್ಕಿಂತ ಮೊದಲು ಕಫ ಪರೀಕ್ಷೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಈಗಿನ ಯಂತ್ರ ಕ್ರಿಮಿಯ ಜೊತೆಗೆ ರಿಫಾಂಪಿಸಿನ್ ಮದ್ದಿಗೆ ಅದು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಕೆಲವೇ ತಾಸುಗಳಲ್ಲಿ ಹೇಳುತ್ತದೆ. ಎರಡು ತಿಂಗಳು ನಾಲ್ಕು ಮದ್ದು ಕೂಡಿದ ಗುಳಿಗೆ, ನಾಲ್ಕು ತಿಂಗಳು ಮೂರು ಮದ್ದಿನದು. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿರಿ ಎಂದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ, ತಡವಾಗಿ ಬಿಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ ಈ ತಿಂಗಳಿನಿಂದ 1000 ಆಗಿದೆ. ದುಡ್ಡಿನ ಮಾತಿಗೆ ಅವರು ಕಿವಿಗೊಡಲಿಲ್ಲ. ಕೇಳಿದ್ದು ಒಂದೇ: "ಗುಳಿಗಿ ತಗೊಳ್ಳಾಕ ಹತ್ತಿದ ಮ್ಯಾಲೆ ಮನ್ಯಾಗಿನವರಿಗೆ ಹತ್ತೂದು ನಿಂದರತೈತೇನ್ರಿ?" ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹರಡುವುದು ನಿಲ್ಲುತ್ತದೆ. ಆದರೆ ಆರಾಮಾಯಿತೆಂದು ನಡುವೆ ಬಿಟ್ಟರೆ ಮದ್ದಿಗೇ ಬಗ್ಗದ ಕ್ಷಯವಾಗಿ ಮರಳಬಹುದು. ಅದನ್ನು ಹೇಳುವಾಗ ಮಾತ್ರ ನಾನು ದನಿ ಏರಿಸಿದೆ. ಅತ್ತೆ ಬೈದಳು.

ಬೈಲಹೊಂಗಲ, 10 ಡಿಸೆಂಬರ್, ಮಂಗಳವಾರ

ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗ. ಐದು ದಿನದ ಸೊಂಟನೋವಿಗೆ ಎಂಆರ್‌ಐ ಮಾಡಿಸಿಕೊಂಡೇ ಬಂದಿದ್ದ, ಸಾಲ ಮಾಡಿ. ಡಿಸ್ಕ್ ಸ್ವಲ್ಪ ಉಬ್ಬಿದೆಯೆಂದು ವರದಿಯಲ್ಲಿದೆ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಎಷ್ಟೋ ಮಂದಿಯಲ್ಲಿ ಇದು ಕಾಣುತ್ತದೆ. ಕಾಲಿನ ಬಲ ಸರಿಯಿದೆ, ಮಲಮೂತ್ರದ ಹಿಡಿತ ಸರಿಯಿದೆ, ಜ್ವರವಿಲ್ಲ. ಇಂಥ ಬೆನ್ನು ಬಹುಪಾಲು ಆರು ವಾರದಲ್ಲಿ ತಾನೇ ದಾರಿಗೆ ಬರುತ್ತದೆ. ಮಲಗಿಯೇ ಇರಬೇಡ, ಓಡಾಡು ಎಂದೆ. ನಂಬಲಿಲ್ಲ.

ನಮ್ಮಲ್ಲಿ ತಡ ಮಾಡಬಹುದಾದ ಕಡೆ ಅವಸರ, ಅವಸರ ಮಾಡಬೇಕಾದ ಕಡೆ ತಡ.

ಸವದತ್ತಿ, 14 ಜನವರಿ 2025, ಮಂಗಳವಾರ, ಸಂಕ್ರಮಣ

ನಿನ್ನೆ ಬನದ ಹುಣ್ಣಿಮೆ. ಯಲ್ಲಮ್ಮನ ಗುಡ್ಡದ ದಾರಿಯೆಲ್ಲ ಭಂಡಾರದಿಂದ ಹಳದಿಯಾಗಿದೆ. ಚಕ್ಕಡಿ, ಟ್ರ್ಯಾಕ್ಟರ್, ಕಾಲ್ನಡಿಗೆಯವರು, ಉಧೋ ಉಧೋ. ಗೆಳತಿಯ ದವಾಖಾನೆಯಲ್ಲಿ ಎರಡು ದಿನ ಕೈಗೂಡಿಸುತ್ತಿದ್ದೇನೆ.

ಅಥಣಿ ಕಡೆಯಿಂದ ಬರಿಗಾಲಲ್ಲಿ ನಡೆದು ಬಂದ ಹಿರಿಯರು. ಮಗಳು ಎಳೆದು ತಂದಿದ್ದಳು, ಅವರಿಗೇನೂ ತ್ರಾಸಿರಲಿಲ್ಲ. ಪಾದ ತಿರುಗಿಸಿದರೆ ಹಿಮ್ಮಡಿಯ ಮುಂದೆ ಬಾಟಲಿಯ ಚೂರು ಚುಚ್ಚಿಕೊಂಡು ಕೂತಿದೆ, ಸುತ್ತ ಕೀವು. ಎಷ್ಟು ದಿನದ್ದೋ. ಚಿಮಟದಿಂದ ತೆಗೆಯುವಾಗ ಅವರು ಮಗಳೊಡನೆ ಮನೆಯ ಎಮ್ಮೆಯ ವಿಷಯ ಮಾತಾಡುತ್ತಿದ್ದರು. ಸಕ್ಕರೆ ಪಾದದ ನರಗಳನ್ನು ಅಷ್ಟು ತಿಂದುಹಾಕಿದೆ. ದಪ್ಪ ನೈಲಾನ್ ಎಳೆಯ ತುದಿಯನ್ನು ಪಾದಕ್ಕೆ ಒತ್ತಿ ಮುಟ್ಟಿದ್ದು ತಿಳಿಯಿತೇ ಎಂದು ಕೇಳುವ ಪರೀಕ್ಷೆ ಮಾಡಿದೆ. ಹೆಬ್ಬೆರಳು: ಇಲ್ಲ. ಅಂಗಾಲು: ಇಲ್ಲ. ತಾಯಿ ನಡೆಸಿಕೊಂಡು ಬಂದಳು, ಕಾಲೇ ನೋಯಲಿಲ್ಲ ಎಂದು ಅವರಿಗೆ ಖುಷಿ. ಹರಕೆ ತೀರಿತಲ್ಲ, ತಿರುಗಿ ಹೋಗುವಾಗ ಮೆಟ್ಟು ಹಾಕಿಕೊಂಡು ಬಸ್ಸು ಹತ್ತಿರಿ, ಊರಿಗೆ ಹೋಗುವ ಮೊದಲು ಸರ್ಜನ್‌ಗೆ ತೋರಿಸಿರಿ ಎಂದು ಮಗಳಿಗೆ ಬರೆದುಕೊಟ್ಟೆ.

ಮಧ್ಯಾಹ್ನ ಇನ್ನೊಬ್ಬಳು, ಇಪ್ಪತ್ತೆರಡರ ಹುಡುಗಿ. ತೋಳಿನ ಮೇಲೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಮಚ್ಚೆ, ರೂಪಾಯಿಯಗಲ. ಜೋಗುಳಬಾವಿಯಲ್ಲಿ ಸ್ನಾನ ಮಾಡಿಸಲು ಕರೆತಂದಿದ್ದಾರೆ. ಜಮದಗ್ನಿಯ ಶಾಪದಿಂದ ಮೈ ಕೆಟ್ಟ ರೇಣುಕೆ ಮಿಂದು ವಾಸಿಯಾದ ನೀರೆಂದು ನಂಬಿಕೆ; ಚರ್ಮದ ಬ್ಯಾನಿಯವರು ತಲೆಮಾರುಗಳಿಂದ ಬರುತ್ತಾರೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದೆ. ಮಚ್ಚೆಯ ಹೊರಗೆ ಸವರಿದಾಗೆಲ್ಲ ಬೆರಳಿಟ್ಟು ತೋರಿಸಿದಳು. ಒಳಗೆ ಸವರಿದಾಗ ಸುಮ್ಮನೆ ಕೂತಿದ್ದಳು. ತೊನ್ನಿನಲ್ಲಿ ಸ್ಪರ್ಶ ಹೋಗುವುದಿಲ್ಲ. ಇದು ಕುಷ್ಠ, ಶುರುವಿನಲ್ಲಿದೆ. ಮಚ್ಚೆ ಐದರೊಳಗಿದ್ದು ನರ, ಚರ್ಮದ ಪರೀಕ್ಷೆ ಸರಿಯಿದ್ದರೆ ಆರು ತಿಂಗಳ ಗುಳಿಗೆ, ಹೆಚ್ಚಿದ್ದರೆ ಹನ್ನೆರಡು, ಬಿಟ್ಟಿ. ಈಗ ಹಿಡಿದರೆ ಬೆರಳು, ಕಣ್ಣು, ಮುಖ ಏನೂ ಕೆಡುವುದಿಲ್ಲ. ಸ್ನಾನ ಬೇಡವೆನ್ನಲಿಲ್ಲ. ಮಿಂದು ಬಂದು ಗುಳಿಗೆ ಶುರು ಮಾಡು ಎಂದೆ.

ಸಂಜೆ ತಲೆಯಲ್ಲಿ ಜಡೆಗಟ್ಟಿದ ಹೆಂಗಸೊಬ್ಬರು. ಯಲ್ಲಮ್ಮ ಕರೆದಿದ್ದಾಳೆಂದು ಮನೆಯವರು ಕೂದಲು ಮುಟ್ಟಿಲ್ಲ. ಜಡೆಯ ಭಾರಕ್ಕೆ ಕುತ್ತಿಗೆ ನೋವು, ಬುಡದಲ್ಲಿ ಹುಣ್ಣು. ಕೂದಲು ಗಂಟುಕಟ್ಟುವುದು ಎಣ್ಣೆ, ಭಂಡಾರ, ಬಾಚದಿರುವುದು, ಹೇನು ಇವುಗಳಿಂದ. ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವುದನ್ನು 1982ರ ಕಾನೂನು ನಿಷೇಧಿಸಿತು. ಜಡೆ ಬಂತೆಂಬ ನೆಪ ಮಾತ್ರ ಹಳ್ಳಿಗಳಲ್ಲಿ ಹೋಗಿಲ್ಲ. ಹುಣ್ಣಿಗೆ ಔಷಧ ಕೊಟ್ಟೆ, ಕತ್ತರಿಯ ಮಾತು ಇವತ್ತು ಎತ್ತಲಿಲ್ಲ. ಮುಂದಿನ ವಾರ ಮತ್ತೆ ಬರುವುದಾಗಿ ಅವರೇ ಹೇಳಿದ್ದಾರೆ.

ಬೈಲಹೊಂಗಲ, 9 ಫೆಬ್ರವರಿ, ಭಾನುವಾರ

ಬಿಳಿಜೋಳ ಕೊಯ್ಲು. ರವದಿ ಕಣ್ಣಿಗೆ ಬಡಿದ ರೈತ, ಎಂಟು ದಿನದ ಮೇಲೆ ಬಂದ. ಮೊದಲು ಹರಳೆಣ್ಣೆ, ಆಮೇಲೆ ಅಂಗಡಿಯಿಂದ ಸ್ಟಿರಾಯ್ಡ್ ಹನಿ. ಕೆಂಪು ಇಳಿಯಿತು, ಆರಾಮ ಅನಿಸಿತು, ಒಳಗೆ ಶಿಲೀಂಧ್ರಕ್ಕೆ ಹಬ್ಬವಾಯಿತು. ಕರಿಗುಡ್ಡೆಯ ಮೇಲೆ ಬೂದು ಬಣ್ಣದ ಚುಕ್ಕೆ, ಅಂಚು ಹಕ್ಕಿಯ ಗರಿಯಂತೆ. ನೆಟಮೈಸಿನ್ ಹನಿ ತಾಸಿಗೊಮ್ಮೆ, ವಾರಗಟ್ಟಲೆ ಬೇಕು. ಇವತ್ತೇ ಕಣ್ಣಿನ ತಜ್ಞರ ಕಡೆ ಕಳಿಸಿದೆ. ಮೊದಲ ದಿನವೇ ಬಂದಿದ್ದರೆ ಕಲೆ ಉಳಿಯುತ್ತಿರಲಿಲ್ಲ.

18 ಫೆಬ್ರವರಿ, ಮಂಗಳವಾರ

ಫಿಟ್ಸ್ ಬರುವ ಸೊಸೆ. ಬಂದಾಗೆಲ್ಲ ಕೈಗೆ ಕೀಲಿಕೈ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡೆ, ಹಲ್ಲುಗಳ ನಡುವೆ ಚಮಚ. ಎರಡು ನಿಮಿಷಕ್ಕೆ ತಾನೇ ನಿಲ್ಲುವುದರಿಂದ ಕೀಲಿಕೈಗೆ ಹೆಸರು ಬರುತ್ತದೆ, ಚಮಚಕ್ಕೆ ಒಂದು ಹಲ್ಲು ಹೋಗಿದೆ. ಎಡಕ್ಕೆ ಹೊರಳಿಸಿ, ಬಾಯಲ್ಲಿ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಇಷ್ಟನ್ನು ಅತ್ತೆಯಿಂದ ಹೇಳಿಸಿ ನೋಡಿದೆ. ಅತ್ತೆ ಕಲಿತಳು. ಮಕ್ಕಳಾಗುವ ವಯಸ್ಸಿನವಳಿಗೆ ವಾಲ್‌ಪ್ರೊಯೇಟ್ ಬೇಡವೆಂದು ಚೀಟಿಯಲ್ಲಿ ಬರೆದು ನರರೋಗ ತಜ್ಞರಿಗಾಗಿ ಧಾರವಾಡದ ಡಿಮ್ಹಾನ್ಸ್‌ಗೆ ಹಾದಿ ಹೇಳಿದೆ. ಹುಚ್ಚರ ದವಾಖಾನೆಗೇ ಎಂದು ಗಂಡ ಬೆಚ್ಚಿದ. ಮೆದುಳಿನ ದವಾಖಾನೆ, ಎಂದಳು ಅತ್ತೆಯೇ.

2 ಮಾರ್ಚ್ 2025, ಭಾನುವಾರ

ದವಾಖಾನೆಯ ಗೋಡೆಗೆ ಒಂದು ಬೋರ್ಡು ಬರೆಸಬೇಕೆಂದು ಕೂತೆ. ಕಳೆದ ವರ್ಷದಿಂದ ಬರೆದ ಈ ಪುಟಗಳನ್ನು ತಿರುವಿದರೆ ಒಂದು ಮಾತು ಎದ್ದು ಕಾಣುತ್ತದೆ: ಯಾರ ರೋಗವನ್ನೂ ಮೊದಲು ನೋಡಿದವಳು ನಾನಲ್ಲ. ಮಂತ್ರದವರು, ಮೆಡಿಕಲ್ ಅಂಗಡಿಯ ಹುಡುಗ, ಅತ್ತೆ, ಮಗಳು, ಟಂಟಂ ಡ್ರೈವರ್. ತಜ್ಞರು ನರಕ್ಕೊಬ್ಬರು, ಹೃದಯಕ್ಕೊಬ್ಬರು, ಕಣ್ಣಿಗೊಬ್ಬರು ಇದ್ದಾರೆ. ಯಾರ ಹತ್ತಿರ, ಎಷ್ಟು ಹೊತ್ತಿನೊಳಗೆ ಎಂದು ತೀರ್ಮಾನಿಸುವವರು ಇವರು. ಹಾಗಾದರೆ ಬೋರ್ಡು ನನ್ನ ಗೋಡೆಯ ಮೇಲೆ ಏಕೆ? ಒಳಗೆ ಬಂದವರು ಹೇಗೂ ಬಂದಾಯಿತು.

ಜೂನಿನ ಆ ಡ್ರೈವರನ್ನು ಸ್ಟ್ಯಾಂಡಿನಲ್ಲಿ ಹುಡುಕಿದೆ. ಬರೆದದ್ದನ್ನು ಓದಿ ತಪ್ಪು ತೆಗೆದ. "ಲಕ್ವ ಎಲ್ಲೈತ್ರಿ? ನಾವು ಲಕ್ವ ಹೊಡದವರನ್ನ ಎಣ್ಣಿ ತಿಕ್ಕಸಾಕ ಒಯ್ತೇವಿ." ಸೇರಿಸಿದೆ. "ಬಾಡಿಗೀದು ಬರೀರಿ. ಮಂದಿ ಅಂಜೂದು ಅದಕ್ಕ." ಅದನ್ನೂ ಸೇರಿಸಿದೆ. ಸ್ಟ್ಯಾಂಡಿಗೊಂದು, ಮೆಡಿಕಲ್ ಅಂಗಡಿಗಳಿಗೆ ಒಂದೊಂದು. ಬೋರ್ಡಿನ ಮೇಲೆ ಇಷ್ಟೇ:

ಹಾವು ಕಚ್ಚಿದರೆ: ಕಟ್ಟಬೇಡಿ, ಕೊಯ್ಯಬೇಡಿ, ಈಗಲೇ ತಾಲ್ಲೂಕು ಆಸ್ಪತ್ರೆ.
ಎದೆ ಹಿಂಡಿ ಬೆವರು ಬಂದರೆ: ಸೋಡಾ ಬೇಡ, ಈಗಲೇ ಇಸಿಜಿ.
ಬಾಯಿ ಸೊಟ್ಟಾಗಿ, ಕೈ ಸೋತು, ಮಾತು ತೊದಲಿದರೆ: ನಾಲ್ಕೂವರೆ ತಾಸಿನೊಳಗೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ.
ಡೆಂಗೆ ಜ್ವರ ಇಳಿದು ಹೊಟ್ಟೆನೋವು, ವಾಂತಿ ಬಂದರೆ: ಈಗಲೇ.
ಕಣ್ಣಿಗೆ ರವದಿ ಬಡಿದರೆ: ಅದೇ ದಿನ.
ಎರಡು ವಾರದ ಕೆಮ್ಮು: ಕಫ ಪರೀಕ್ಷೆ.
ಸ್ಪರ್ಶವಿಲ್ಲದ ಮಚ್ಚೆ: ಇದೇ ವಾರ.
ನೆಗಡಿ, ಮೈಕೈನೋವು: ಕಾಯಬಹುದು.
108ಕ್ಕೆ ಬಾಡಿಗೆ ಇಲ್ಲ. ರಾತ್ರಿಯೂ ಬರುತ್ತದೆ.